ಪಲ್ಲವಿ ಒಮ್ಮೆ ಬರೆದರೆ ಸಾಕು

ಮಕ್ಕಳೇ, ಎಂಟನೇ ತರಗತಿಯ ನನ್ನ ಮೊಮ್ಮಗಳು ದಾವಣಗೆರೆ ಜಿಲ್ಲೆಯ ಬಗ್ಗೆ ಪುಟ್ಟ ವೆಬ್‌ಸೈಟ್ ಮಾಡುತ್ತಿದ್ದಳು. ಚನ್ನಗಿರಿಯ ಪುಟದಲ್ಲಿ ಶಾಂತಿಸಾಗರ ಕೆರೆ, ಹೊನ್ನಾಳಿಯದರಲ್ಲಿ ತುಂಗಭದ್ರೆ, ಜಗಳೂರಿನದರಲ್ಲಿ ರಂಗಯ್ಯನದುರ್ಗದ ಕೊಂಡುಕುರಿ. ಪ್ರತಿ ಪುಟದ ಮೇಲೂ ಜಿಲ್ಲೆಯ ತಾಲ್ಲೂಕುಗಳ ಪಟ್ಟಿ. ಅದನ್ನು ನನ್ನ ಹಳೆಯ ಪುಸ್ತಕ ನೋಡಿ ಬರೆದಿದ್ದಳು.

ತಪ್ಪಾಗಿದ್ದು ಅಲ್ಲೇ. 2018ರಲ್ಲಿ ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ಹೊಸ ತಾಲ್ಲೂಕಾಯಿತು. ಅದೇ ವರ್ಷ ಹರಪನಹಳ್ಳಿ ಬಳ್ಳಾರಿ ಜಿಲ್ಲೆಗೆ ಮರಳಿತು. ಈಗ ಅದು ವಿಜಯನಗರ ಜಿಲ್ಲೆಯಲ್ಲಿದೆ. ನಾನು ಹೇಳಿದ ಮೇಲೆ ಒಂದೊಂದೇ ಪುಟ ತೆರೆದು ತಿದ್ದಿದಳು, ನ್ಯಾಮತಿಗೂ ಒಂದು ಪುಟ ಮಾಡಿದಳು.

ಸಂಜೆ ಅಜ್ಜಿಗೆ ತೋರಿಸಲು ಕೂತಳು. ಮೊದಲು ತೆರೆದದ್ದೇ ಜಗಳೂರಿನ ಪುಟ. ಅದೊಂದನ್ನು ತಿದ್ದಲು ಮರೆತಿದ್ದಳು!

"ನನ್ನ ತವರೂರು ನ್ಯಾಮತೀನೇ ಬಿಟ್ಟಿದ್ದೀಯಲ್ಲೇ!" ಅಂದಳು ಅಜ್ಜಿ. ಹುಡುಗಿಯ ಮುಖ ಸಣ್ಣದಾಯಿತು.

ನಾನು ದೇವರ ಮನೆಯಿಂದ ಭಜನೆ ಪುಸ್ತಕ ತಂದೆ. "ನೋಡು ಪುಟ್ಟಿ, ಪಲ್ಲವಿಯನ್ನು ಮೇಲೆ ಒಂದೇ ಸಲ ಬರೆದಿದ್ದಾರೆ. ಪ್ರತಿ ಚರಣದ ಕೊನೆಗೆ ಬರೀ 'ಪ' ಅಂತ ಹಾಕಿದ್ದಾರೆ. ಹಾಡುವವರು ಪಲ್ಲವಿಗೆ ಹೋಗಿ ಬರ್ತಾರೆ."

"ಅಜ್ಜಾ, ಇದೇ ಇನ್‌ಕ್ಲೂಡ್! ಕಂಪ್ಯೂಟರ್ ಮೇಷ್ಟ್ರು ಹೇಳಿದ್ರು" ಎಂದು ಎದ್ದು ಕುಣಿದಳು.

ತಾಲ್ಲೂಕುಗಳ ಪಟ್ಟಿಯನ್ನು ಬೇರೆ ಕಡತಕ್ಕೆ ಹಾಕಿದಳು. ನಾಲ್ಕೂ ಪುಟಗಳಲ್ಲಿ 'ಆ ಪಟ್ಟಿಯನ್ನು ಇಲ್ಲಿ ಸೇರಿಸು' ಎಂಬ ಒಂದು ಸಾಲು ಮಾತ್ರ ಉಳಿಯಿತು. ಯಾರಾದರೂ ಪುಟ ಕೇಳಿದಾಗ ಸರ್ವರ್ ಎರಡನ್ನೂ ಜೋಡಿಸಿ ಕೊಡುತ್ತದೆ. ಪಿಎಚ್‌ಪಿ ಎಂಬ ಭಾಷೆಯಲ್ಲಿ ಇದು ಸುಲಭ. ಹೀಗೆ ತಲೆಬರಹ, ಪಟ್ಟಿ, ಅಡಿಬರಹ ಎಲ್ಲ ಪುಟಕ್ಕೂ ಒಂದೇ ಆಗಿ, ನಡುವಿನ ವಿಷಯ ಮಾತ್ರ ಬದಲಾಗುವ ಚೌಕಟ್ಟಿಗೆ ಟೆಂಪ್ಲೇಟ್ ಎನ್ನುತ್ತಾರೆ.

ಅವಸರದಲ್ಲಿ ಅವಳು 'ನ್ಯಾಮತಿ' ಎನ್ನುವುದನ್ನು 'ನಾಮತಿ' ಎಂದು ಬರೆದಳು. ನಾಲ್ಕೂ ಪುಟಗಳಲ್ಲಿ ನಾಮತಿ! ಪಲ್ಲವಿ ತಪ್ಪಿದರೆ ಹಾಡಿನುದ್ದಕ್ಕೂ ತಪ್ಪು. ಆದರೆ ಒಂದು ಕಡೆ ಒತ್ತಕ್ಷರ ಕೊಟ್ಟಳು, ನಾಲ್ಕು ಕಡೆಯೂ ಸರಿಯಾಯಿತು. ಅಜ್ಜಿ ನಾಲ್ಕೂ ಪುಟ ತೆರೆಸಿ, ತವರೂರ ಹೆಸರು ಓದಿಯೇ ಎದ್ದಳು.

ಕಂಪ್ಯೂಟರ್ ಇಲ್ಲದೆಯೂ ಇದನ್ನು ಮಾಡಿ ನೋಡಬಹುದು. ನಾಲ್ಕು ಹಾಳೆಗಳ ಮೇಲ್ಭಾಗದಲ್ಲಿ ಒಂದೇ ಅಳತೆಯ ಕಿಟಕಿ ಕತ್ತರಿಸಿ. ಐದನೇ ಹಾಳೆಯಲ್ಲಿ ನಿಮ್ಮ ಜಿಲ್ಲೆಯ ತಾಲ್ಲೂಕುಗಳ ಹೆಸರು ಬರೆದು ಎಲ್ಲದರ ಕೆಳಗಿಡಿ. ಯಾವ ಹಾಳೆ ತಿರುವಿದರೂ ಕಿಟಕಿಯಲ್ಲಿ ಅದೇ ಪಟ್ಟಿ. ಪಟ್ಟಿ ಸರಿಯಿದೆಯೇ ಎಂದು ಅಜ್ಜ ಅಜ್ಜಿಯನ್ನು ಕೇಳಿ. ಅವರ ಪುಸ್ತಕ ಎಷ್ಟು ಹಳೆಯದೆಂದು ನೋಡುವುದನ್ನೂ ಮರೆಯಬೇಡಿ!