ಮಧುಮೇಹಿಗಳ ಶುಶ್ರೂಷೆ

ಮಧುಮೇಹವು ಸಿರಿವಂತರ ರೋಗವೆಂಬ ಮಾತು ಇನ್ನು ಸಲ್ಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು, ದೇಶದಲ್ಲಿ ಈ ರೋಗಿಗಳು 10 ಕೋಟಿಗೂ ಮಿಕ್ಕಿರುವರೆಂದು ತಿಳಿಸಿತು. ಮಾನವಿಯ ಕಾಲುವೆಯ ಗದ್ದೆಗಳಲ್ಲಿ ಬರಿಗಾಲಿನಲ್ಲಿ ದುಡಿಯುವ ರೈತನೂ ದೇವದುರ್ಗದ ಕೂಲಿಕಾರನೂ ಈ ಸಕ್ಕರೆ ಬೇನೆಗೆ ಹೊರತಲ್ಲ.

1921ರಲ್ಲಿ ಟೊರಾಂಟೋದಲ್ಲಿ ಕಂಡುಹಿಡಿಯಲ್ಪಟ್ಟ ಇನ್ಸುಲಿನ್ ಕೋಟ್ಯವಧಿ ಜೀವಗಳನ್ನುಳಿಸಿದೆ, ನಿಜ. ಆದರೆ ಔಷಧ ದೊರೆತ ಮಾತ್ರಕ್ಕೆ ಚಿಕಿತ್ಸೆ ಪೂರ್ಣವಾಗದು. ಸೂಜಿ ಚುಚ್ಚಿದ ಮೇಲೆ ಊಟ ತಡವಾದರೆ ರಕ್ತದ ಸಕ್ಕರೆಯು ಇಳಿದು, ಬೆವರು ನಡುಕಗಳು ತೋರಿ, ರೋಗಿಯು ಎಚ್ಚರದಪ್ಪಬಹುದು. ಸ್ಪರ್ಶಜ್ಞಾನವಳಿದ ಅಂಗಾಲಿಗೆ ಮುಳ್ಳು ನೆಟ್ಟರೆ ನೋವು ತಿಳಿಯದು. ಹುಣ್ಣು ಬಲಿತು ಕಾಲನ್ನೇ ಕತ್ತರಿಸುವ ಪ್ರಸಂಗ ಬರುವುದು.

ವೈದ್ಯರು ಔಷಧದ ಪ್ರಮಾಣವನ್ನು ಬರೆದುಕೊಡುವರು. ಅದನ್ನು ಊಟದ ಹೊತ್ತಿಗೆ ಹೊಂದಿಸುವುದು, ದಿನವೂ ಪಾದಗಳನ್ನು ಪರೀಕ್ಷಿಸಲು ಕಲಿಸುವುದು, ರಾಯಚೂರಿನ ಬಿರುಬೇಸಗೆಯಲ್ಲಿ ಬಡವರ ಮನೆಯಲ್ಲಿ ಇನ್ಸುಲಿನ್ನನ್ನು ಮಣ್ಣಿನ ಗಡಿಗೆಯ ತಂಪಿನಲ್ಲಿ ಕಾಯ್ದಿಡುವ ಬಗೆಯನ್ನು ಹೇಳಿಕೊಡುವುದು, ಇವೆಲ್ಲ ದಾದಿಯ ಕೈಯ ಕೆಲಸಗಳು. ಬಾಸ್ಟನ್ ನಗರದ ಡಾಕ್ಟರ್ ಜಾಸ್ಲಿನ್ ಅವರು ಕಳೆದ ಶತಮಾನದ ಪೂರ್ವಾರ್ಧದಲ್ಲಿಯೇ ಇದನ್ನರಿತು, ರೋಗಿಗಳಿಗೆ ಬೋಧಿಸುವ ದಾದಿಯರನ್ನು ಸಿದ್ಧಗೊಳಿಸಿದ್ದರು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಇಂತಹ ವಿಶೇಷ ದಾದಿಯರು ಇಂದು ಸಾಮಾನ್ಯ.

ಇದ್ದ ವಾರ್ಡುಗಳಿಗೇ ದಾದಿಯರು ಸಾಲದಿರುವಾಗ ಈ ಏರ್ಪಾಡು ಹೇಗೆ ಸಾಧ್ಯವೆಂದು ಅಧಿಕಾರಿಗಳು ಕೇಳಬಹುದು. ಆಕ್ಷೇಪವು ಹುರುಳಿಲ್ಲದ್ದಲ್ಲ. ಆದರೆ ಕಾಲು ಕಳೆದುಕೊಂಡ ಒಬ್ಬ ರೋಗಿಯು ವಾರಗಟ್ಟಲೆ ಹಾಸಿಗೆ ಹಿಡಿದರೆ ಬೇಕಾಗುವ ಶುಶ್ರೂಷೆಯೆಷ್ಟು? ಅವನ ಕುಟುಂಬಕ್ಕೊದಗುವ ನಷ್ಟವೆಷ್ಟು? ಈ ಲೆಕ್ಕವನ್ನೂ ಅವರು ಹಾಕಬೇಕು. ಇಲ್ಲಿ ಬೇಕಾಗಿರುವುದು ಹೊಸ ಕಟ್ಟಡವಲ್ಲ, ಬೆಲೆಬಾಳುವ ಯಂತ್ರವಲ್ಲ.

2007ರಲ್ಲಿ ಸ್ಥಾಪಿತವಾದ ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆಯು ಈ ತರಬೇತಿಗೆ ತಕ್ಕ ಕೇಂದ್ರ. ದೇವದುರ್ಗ, ಮಾನವಿ ತಾಲೂಕು ಆಸ್ಪತ್ರೆಗಳಿಗೆ ಒಬ್ಬೊಬ್ಬ ಶಿಕ್ಷಿತ ದಾದಿಯನ್ನಾದರೂ ನಿಯಮಿಸಿ, ವಾರವಾರಕ್ಕೆ ವಾರ್ಡು ಬದಲಿಸದೆ ಆ ಕೆಲಸದಲ್ಲಿಯೇ ನೆಲೆಗೊಳಿಸಬೇಕು. ಆಕೆಯು ಈ ಸೀಮೆಯ ಆಡುನುಡಿಯನ್ನು ಬಲ್ಲವಳಾಗಿರಬೇಕು. ತಿಳಿಯದ ಭಾಷೆಯಲ್ಲಿ ಹೇಳಿದ ಪಥ್ಯವು ಹೇಳದ ಪಥ್ಯಕ್ಕೆ ಸಮ. ಸಂವಿಧಾನದ 371ಜೆ ವಿಧಿಯು 2013ರಿಂದ ಈ ಭಾಗಕ್ಕೆ ವಿಶೇಷಾಧಿಕಾರಗಳನ್ನಿತ್ತಿದೆ. ಅವುಗಳ ಫಲವು ರೈತನ ಅಂಗಾಲಿನವರೆಗೂ ಇಳಿದು ಬರಲಿ ಎಂಬುದೇ ನಮ್ಮ ಒತ್ತಾಯ.