ಶಾಲೆಯ ಹೊಸ್ತಿಲಲ್ಲಿ ಕಾಗದದ ಅಡ್ಡಗೋಡೆ

ಜೂನ್ ತಿಂಗಳು ಬಂತೆಂದರೆ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ದಾಖಲಾತಿ ಆಂದೋಲನದ ಸಡಗರ. ತಳಿರು ತೋರಣ, ಸಿಹಿಯೂಟ, ಮಕ್ಕಳ ಮೆರವಣಿಗೆ ಎಲ್ಲವೂ ನಡೆಯುತ್ತವೆ. ಆದರೆ ಈ ಸಂಭ್ರಮ ಮುಗಿದ ಮೇಲೆ, ಆಗಸ್ಟ್‌ನಲ್ಲೋ ನವೆಂಬರ್‌ನಲ್ಲೋ ಮಗುವಿನ ಕೈಹಿಡಿದು ಬರುವ ಪೋಷಕರಿಗೆ ಅನೇಕ ಕಡೆ ಎದುರಾಗುವುದು ಒಂದೇ ಪ್ರಶ್ನೆ: ‘ಟಿ.ಸಿ. ತಂದಿದ್ದೀರಾ?’

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸ ಅರಸಿ ಬೆಂಗಳೂರಿಗೆ ಬರುವ ಕುಟುಂಬಗಳಿಗೆ ಈ ಪ್ರಶ್ನೆ ಬಲು ದುಬಾರಿ. ಒಂದು ಕಾಗದಕ್ಕಾಗಿ ಊರಿಗೆ ಹೋಗಿ ಬರಬೇಕೆಂದರೆ ಬಸ್ ಚಾರ್ಜಿನ ಜತೆಗೆ ಎರಡು ಮೂರು ದಿನಗಳ ಕೂಲಿಗೂ ಕತ್ತರಿ. ಅಲ್ಲಿನ ಮುಖ್ಯೋಪಾಧ್ಯಾಯರು ಆ ದಿನ ಸಭೆಗೆ ಹೋಗಿದ್ದರೆ ಮತ್ತೊಂದು ಅಲೆದಾಟ. ಇಷ್ಟರಲ್ಲಿ ಮಗುವಿನ ದಿನಗಳು ಮರಳರಾಶಿಯ ಮೇಲೆ ಕಳೆದುಹೋಗಿರುತ್ತವೆ. ಕೆಲವು ಮಕ್ಕಳು ಶಾಲೆಗೆ ಮರಳುವುದೇ ಇಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ವರ್ಗಾವಣೆ ಪತ್ರ ಬಂದಿಲ್ಲವೆಂಬ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶವನ್ನು ನಿರಾಕರಿಸುವಂತಿಲ್ಲ, ತಡಮಾಡುವಂತೆಯೂ ಇಲ್ಲ. ಪತ್ರ ನೀಡಲು ವಿಳಂಬ ಮಾಡುವ ಮುಖ್ಯೋಪಾಧ್ಯಾಯರು ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದಿರುಗಿಸಬಾರದೆಂದು 14ನೇ ಸೆಕ್ಷನ್, ದಾಖಲಾತಿ ಅವಧಿ ಮುಗಿಯಿತೆಂದು ಬಾಗಿಲು ಮುಚ್ಚಬಾರದೆಂದು 15ನೇ ಸೆಕ್ಷನ್ ಹೇಳುತ್ತವೆ. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ತೀರ್ಪಿತ್ತಿದೆ.

ಹೀಗಿದ್ದೂ ಕಾಗದ ಕೇಳುವ ರೂಢಿ ಹೋಗಿಲ್ಲ. ಇದಕ್ಕೆ ಶಿಕ್ಷಕರನ್ನಷ್ಟೇ ದೂಷಿಸುವುದು ನ್ಯಾಯವಲ್ಲ. ಗುಮಾಸ್ತರೇ ಇಲ್ಲದ ಶಾಲೆಗಳಲ್ಲಿ ಬಿಸಿಯೂಟದ ಅಕ್ಕಿ ಲೆಕ್ಕದಿಂದ ಹಿಡಿದು ಗಣಕಯಂತ್ರದಲ್ಲಿ ಮಕ್ಕಳ ವಿವರ ತುಂಬುವವರೆಗೆ ಎಲ್ಲವೂ ಪಾಠ ಹೇಳುವವರ ಹೆಗಲಿಗೇ ಬೀಳುತ್ತದೆ. ಒಂದೇ ಮಗುವಿನ ಹೆಸರು ಎರಡು ಶಾಲೆಗಳಲ್ಲಿ ಇರಬಾರದೆಂಬ ಇಲಾಖೆಯ ಕಾಳಜಿಯೂ ಸಕಾರಣವೇ. ಶಿಕ್ಷಕರ ಹುದ್ದೆ, ಆಹಾರಧಾನ್ಯ ಎಲ್ಲವೂ ಹಾಜರಿ ಪುಸ್ತಕವನ್ನೇ ಅವಲಂಬಿಸಿವೆ. ಆದರೆ ಲೆಕ್ಕ ಸರಿಪಡಿಸುವುದು ಇಲಾಖೆಯ ಕೆಲಸ. ಅದರ ಭಾರವನ್ನು ಕೂಲಿಕಾರ ತಂದೆ ತಾಯಿಗಳು ಹೊರಬೇಕೇಕೆ?

ರಾಜ್ಯದ ವಿದ್ಯಾರ್ಥಿಗಳಿಗೆ ‘ಸ್ಯಾಟ್ಸ್’ ವ್ಯವಸ್ಥೆಯಡಿ ಪ್ರತ್ಯೇಕ ಸಂಖ್ಯೆ ನೀಡಲಾಗುತ್ತಿದೆ. ಮಗುವಿನ ವಿವರ ಗಣಕಯಂತ್ರದಲ್ಲಿರುವಾಗ ಅದನ್ನು ಹಿಂದಿನ ಶಾಲೆಯಿಂದ ತರಿಸಿಕೊಳ್ಳಬೇಕಾದುದು ಹೊಸ ಶಾಲೆಯೇ ಹೊರತು ಪೋಷಕರಲ್ಲ. ಮೊದಲು ಮಗು ತರಗತಿಯಲ್ಲಿ ಕೂರಲಿ, ಕಾಗದ ಹಿಂದಿನಿಂದ ಬರಲಿ. ಈ ಅನುಕ್ರಮವನ್ನು ಕಡ್ಡಾಯವಾಗಿ ಪಾಲಿಸುವಂತೆ ನೋಡಿಕೊಳ್ಳುವುದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಹೊಣೆಯಾಗಬೇಕು.

ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳೂ ಇವೆ. ಪ್ರವೇಶಕ್ಕೆ ಏನು ಬೇಕು, ಏನು ಬೇಡ, ನಿರಾಕರಿಸಿದರೆ ಯಾರಿಗೆ ದೂರಬೇಕು ಎಂಬುದನ್ನು ಪ್ರತಿ ಶಾಲೆಯ ಗೋಡೆಯ ಮೇಲೆ ಸರಳ ಕನ್ನಡದಲ್ಲಿ ಬರೆಸಬೇಕು. ವಲಸೆ ಕುಟುಂಬಗಳು ಹೆಚ್ಚಿರುವ ಬಡಾವಣೆಗಳಲ್ಲಿ ಅವರ ಭಾಷೆಯಲ್ಲೂ ಇರಲಿ. ರಾಜ್ಯದಲ್ಲಿ 2001ರಿಂದಲೇ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಸಭೆಗಳು ದುಡಿಯುವ ಪೋಷಕರು ಬರಬಹುದಾದ ಹೊತ್ತಿನಲ್ಲಿ ನಡೆಯಲಿ. ಬಾಗಿಲಿಂದ ಹಿಂದಿರುಗಿದ ಮಕ್ಕಳೆಷ್ಟು ಎಂಬುದು ಅಲ್ಲಿ ಚರ್ಚೆಯಾಗಲಿ.

ದಾಖಲಾದ ಮಕ್ಕಳ ಸಂಖ್ಯೆಯನ್ನು ಇಲಾಖೆ ಹೆಮ್ಮೆಯಿಂದ ಪ್ರಕಟಿಸುತ್ತದೆ. ಹೊಸ್ತಿಲಿನವರೆಗೆ ಬಂದು ಮರಳಿದ ಮಗು ಯಾವ ಪಟ್ಟಿಯಲ್ಲೂ ಸೇರುವುದಿಲ್ಲ. ಆ ಮಗುವನ್ನು ಒಳಗೆ ಕರೆಯಲು ಹೊಸ ಯೋಜನೆಯಾಗಲೀ ಹೊಸ ಕಾನೂನಾಗಲೀ ಬೇಕಿಲ್ಲ, ಇರುವ ಕಾನೂನನ್ನು ಪಾಲಿಸಿದರೆ ಸಾಕು.