ಗ್ರಂಥಾಲಯವೂ ರಾಷ್ಟ್ರದ ಅಂತಃಸಾಕ್ಷಿಯೂ

ಒಂದು ರಾಷ್ಟ್ರದ ಯೋಗ್ಯತೆಯನ್ನು ಅದರ ಸೈನ್ಯದಿಂದಲೂ ಬೊಕ್ಕಸದಿಂದಲೂ ಅಳೆಯುವ ವಾಡಿಕೆಯುಂಟು. ಅದು ತನ್ನ ಹಿಂದಿನ ಕಾಗದಪತ್ರಗಳನ್ನು ಹೇಗೆ ಇಟ್ಟುಕೊಂಡಿದೆಯೆಂಬದನ್ನು ನೋಡಿ ಅಳೆಯುವವರು ವಿರಳ. ಅಮೇರಿಕೆಯ ವಿಷಯದಲ್ಲಿ ಈ ಎರಡನೆಯ ಅಳತೆಗೋಲನ್ನೇ ಹಿಡಿದು ನೋಡುವದು ಉಚಿತವೆಂದು ನಮ್ಮ ಮತ.

ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಗ್ರಂಥಾಲಯವು 1800ರಲ್ಲಿ, ಶಾಸನಸಭೆಯ ಸದಸ್ಯರ ಉಪಯೋಗಕ್ಕೆಂದು, 5,000 ಡಾಲರುಗಳ ಮಂಜೂರಾತಿಯಿಂದ ಹುಟ್ಟಿತು. 1814ರಲ್ಲಿ ಬ್ರಿಟಿಷ್ ಸೈನ್ಯವು ರಾಜಧಾನಿಯನ್ನು ಹೊಕ್ಕು ಸಭಾಮಂದಿರಕ್ಕೆ ಬೆಂಕಿಯಿಟ್ಟಾಗ ಗ್ರಂಥಗಳೂ ಬೂದಿಯಾದವು. ಆಗ ಮಾಜಿ ಅಧ್ಯಕ್ಷ ಥಾಮಸ್ ಜೆಫರ್‌ಸನ್ನರು ತಮ್ಮ ಸ್ವಂತ ಗ್ರಂಥಭಾಂಡಾರವನ್ನು ಮಾರಲು ಮುಂದೆ ಬಂದರು. ತತ್ತ್ವಶಾಸ್ತ್ರದ ಹಾಗೂ ಪರಭಾಷೆಯ ಪುಸ್ತಕಗಳು ಶಾಸನಕಾರರಿಗೇಕೆಂದು ಕೆಲವರು ತಕರಾರು ಎತ್ತಿದರು. ಶಾಸನ ಮಾಡುವವನಿಗೆ ಬೇಡವಾದ ವಿಷಯವೇ ಇಲ್ಲವೆಂಬದು ಜೆಫರ್‌ಸನ್ನರ ವಾದ. ಕೆಳಮನೆಯಲ್ಲಿ ಕೇವಲ 81ಕ್ಕೆ 71 ಮತಗಳಿಂದ ಠರಾವು ಪಾಸಾಗಿ, 1815ರಲ್ಲಿ 6,487 ಸಂಪುಟಗಳು 23,950 ಡಾಲರುಗಳಿಗೆ ರಾಷ್ಟ್ರದ ಸ್ವತ್ತಾದವು. 1851ರ ಮತ್ತೊಂದು ಬೆಂಕಿಯಲ್ಲಿ ಅವುಗಳ ಮೂರರಲ್ಲೆರಡು ಪಾಲು ನಷ್ಟವಾದರೂ ಗ್ರಂಥಾಲಯವು ಬೆಳೆಯುತ್ತಲೇ ಹೋಯಿತು.

ಆದರೆ ಗಾತ್ರವೇ ಅದರ ಹೆಗ್ಗಳಿಕೆಯಲ್ಲ. 1776ರ ಸ್ವಾತಂತ್ರ್ಯಘೋಷಣೆಯ ಕರಡು ಜೆಫರ್‌ಸನ್ನರ ಸ್ವಹಸ್ತಾಕ್ಷರದಲ್ಲಿಯೇ ಅಲ್ಲಿದೆ. ಗುಲಾಮರ ವ್ಯಾಪಾರವನ್ನು ಖಂಡಿಸಿ, ಅದರ ದೋಷವನ್ನು ಇಂಗ್ಲೆಂಡಿನ ದೊರೆಯ ಮೇಲೆ ಹೊರಿಸಿ ಅವರು ಬರೆದ ಭಾಗವು ಆ ಕರಡಿನಲ್ಲಿ ಉಳಿದಿದೆ. ಸಭೆಯು ಅದನ್ನು ತೆಗೆದುಹಾಕಿತು. ಮನುಷ್ಯರೆಲ್ಲ ಸಮಾನರೆಂದು ಬರೆದ ಆ ಮಹಾಶಯರೇ ತಮ್ಮ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರಿಗೆ ಒಡೆಯರಾಗಿದ್ದರು.

ಆ ಕರಡನ್ನು ಕಾಯುವ ಮನೆಯೇ ಗುಲಾಮರ ಮಾತನ್ನೂ ಕಾಯುತ್ತಿದೆ. 1936ರಿಂದ 1938ರ ವರೆಗೆ ಸರಕಾರದ ಲೇಖಕರ ಯೋಜನೆಯವರು ಊರೂರು ತಿರುಗಿ, ಎಳೆವಯಸ್ಸಿನಲ್ಲಿ ಗುಲಾಮಗಿರಿಯನ್ನು ಅನುಭವಿಸಿದ್ದ ವೃದ್ಧರ ಹೇಳಿಕೆಗಳನ್ನು ಬರೆದುಕೊಂಡರು. ಇಂಥ 2,300ಕ್ಕೂ ಮಿಕ್ಕ ಹೇಳಿಕೆಗಳೂ ಸುಮಾರು 500 ಛಾಯಾಚಿತ್ರಗಳೂ ಅಲ್ಲಿವೆ. ಕೇಳಿದವರು ಬಹುಮಟ್ಟಿಗೆ ಬಿಳಿಯರು; ಹೇಳಿದವರು ಬಡತನದಲ್ಲಿದ್ದ ಆಫ್ರಿಕಾ ಮೂಲದ ಮುದುಕರು. ಆದುದರಿಂದ ಹೇಳಿದ್ದಷ್ಟೇ ಅವರ ಮನಸ್ಸಿನಲ್ಲಿತ್ತೆಂದು ತಿಳಿಯಲಾಗದು. ವಿವೇಕಿಯಾದ ಓದುಗನು ಅವರು ಹೇಳದೆ ಬಿಟ್ಟುದನ್ನೂ ಊಹಿಸಿಕೊಳ್ಳಬೇಕು. 1936ರಲ್ಲಿ ಡೊರೊಥಿಯಾ ಲ್ಯಾಂಗ್ ಎಂಬಾಕೆ ಕ್ಯಾಲಿಫೋರ್ನಿಯಾದ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ತೆಗೆದ, ಮಕ್ಕಳೊಡನೆ ಚಿಂತಾಕ್ರಾಂತಳಾಗಿ ಕುಳಿತ ತಾಯಿಯ ಚಿತ್ರವೂ ಅಲ್ಲಿದೆ. ತನ್ನ ಪ್ರಜೆಗಳ ಹಸಿವಿನ ಆ ಸಾಕ್ಷ್ಯವನ್ನು ಸರಕಾರವು ತನ್ನ ವೆಚ್ಚದಿಂದಲೇ ಸಂಗ್ರಹಿಸಿತೆಂಬದು ಗಮನಿಸತಕ್ಕದ್ದು.

ಕಾಗದ ಕೂಡಿಟ್ಟ ಮಾತ್ರಕ್ಕೆ ಅನ್ಯಾಯವು ಹೋಯಿತೆ ಎಂದು ಕೇಳುವವರುಂಟು. ಹೋಗಲಿಲ್ಲ. 1865ರಲ್ಲಿ ಗುಲಾಮಗಿರಿಯು ರದ್ದಾದ ತರುವಾಯವೂ ಅಲ್ಲಿಯ ದಕ್ಷಿಣ ಸಂಸ್ಥಾನಗಳಲ್ಲಿ ವರ್ಣಭೇದದ ಕಾಯಿದೆಗಳು 1960ರ ದಶಕದ ವರೆಗೆ ನಡೆದವು. ಆದರೆ ದಾಖಲೆಯಿಲ್ಲದ ಅನ್ಯಾಯವನ್ನು ಅಲ್ಲಗಳೆಯುವದು ಬಹು ಸುಲಭ. ದಾಖಲೆಯು ಉಳಿದರೆ ನ್ಯಾಯವನ್ನು ಕೇಳುವವನಿಗೆ ನಿಲ್ಲಲು ನೆಲವಾದರೂ ಇರುವದು.

ಪರರ ಕಪಾಟಿನ ಚಿಂತೆ ನಮಗೇಕೆ? ಈ ಗ್ರಂಥಾಲಯವು 1962ರಲ್ಲಿ ದಿಲ್ಲಿಯಲ್ಲಿ ಕಚೇರಿಯನ್ನು ತೆರೆದಂದಿನಿಂದ ನಮ್ಮ ದೇಶಭಾಷೆಗಳ ಪುಸ್ತಕಗಳನ್ನು ಕೊಂಡು ಶೇಖರಿಸುತ್ತ ಬಂದಿದೆ, ಕನ್ನಡವೂ ಅವುಗಳಲ್ಲೊಂದು. ನಮ್ಮ ನುಡಿಯನ್ನು ಕಡಲಾಚೆಯವರು ಜೋಪಾನ ಮಾಡುವದು ಸಂತೋಷದ ಸಂಗತಿ. ನಾವೇ ಮಾಡದಿದ್ದರೆ ಅದು ನಾಚಿಕೆಯ ಸಂಗತಿಯೂ ಆಗುವದು.

ಹಳೆಯ ಕಡತಗಳನ್ನು ರದ್ದಿಗೆ ಹಾಕುವ ಅಧಿಕಾರವುಳ್ಳವರು ನಮ್ಮ ವಾಚಕರಲ್ಲಿ ಅನೇಕರಿದ್ದಾರೆ. ಅವರಲ್ಲಿ ನಮ್ಮದೊಂದೇ ವಿನಂತಿ. ಕೀರ್ತಿ ತರುವ ಕಾಗದವನ್ನು ಯಾರಾದರೂ ಕಾಯುವರು. ಮುಜುಗರ ತರುವ ಕಾಗದವನ್ನು ತಾವು ಕಾಯಿರಿ. ಮುಂದಿನ ಪೀಳಿಗೆಯವರು ನಮ್ಮಿಂದ ಕೇಳುವ ಲೆಕ್ಕವು ಬಹುಶಃ ಅದರಲ್ಲಿಯೇ ಇರುವದು.